ಗೆದ್ದವರಾರು ಎನ್ನುವ ಮುನ್ನ

ಪ್ರಮಾದದ ಬಗೆಗಳನ್ನು ಎಣಿಸುವಾಗ ಜೈನಾಚಾರ್ಯರು ನಾಲ್ಕು ವಿಕಥೆಗಳನ್ನು ಹೇಳಿದ್ದಾರೆ. ಅವುಗಳಲ್ಲಿ ರಾಜಕಥೆಯೂ ಒಂದು. ಆಳುವವರ ಬಲಾಬಲ, ಸೋಲುಗೆಲುವುಗಳನ್ನು ಕುರಿತ ಹರಟೆ ಆತ್ಮದ ಎಚ್ಚರವನ್ನು ಕೆಡಿಸುತ್ತದೆ ಎಂಬುದು ಇದರ ತಾತ್ಪರ್ಯ. ಅರಸರ ಕಾಲ ಮುಗಿದರೂ ರಾಜಕಥೆ ಮುಗಿದಿಲ್ಲ. ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಅಭ್ಯರ್ಥಿಗಳು ಒಂದೇ ವೇದಿಕೆಯಲ್ಲಿ ನಿಂತು ವಾದಿಸುವ ರಾತ್ರಿ, ಅವರ ಮಾತು ಮುಗಿಯುವ ಮೊದಲೇ ‘ಇವರು ಗೆದ್ದರು, ಅವರು ಸೋತರು’ ಎಂಬ ತೀರ್ಪುಗಳು ಲೋಕದ ತುಂಬ ಹರಡಿಬಿಡುತ್ತವೆ.

ಹಾಗೆಂದು ಅಭಿಪ್ರಾಯ ತಾಳುವುದೇ ಪಾಪವೆಂದು ತಿಳಿಯಬೇಕಾಗಿಲ್ಲ. ಪ್ರಜೆಗಳೇ ಆಳುವವರನ್ನು ಆರಿಸುವ ನಾಡಿನಲ್ಲಿ ಅಭ್ಯರ್ಥಿಯ ಮಾತನ್ನು ತೂಗಿ ನೋಡುವುದು ಗೃಹಸ್ಥನ ಹೊಣೆ. ಶ್ರಾವಕನ ಗುಣವ್ರತಗಳಲ್ಲಿ ಒಂದಾದ ಅನರ್ಥದಂಡವಿರತಿಯು ಬಿಡಿಸುವುದು ಪ್ರಯೋಜನವಿಲ್ಲದ ಪಾಪಕ್ರಿಯೆಯನ್ನೇ ಹೊರತು ಪ್ರಯೋಜನವುಳ್ಳ ವಿವೇಕವನ್ನಲ್ಲ. ಅಮೆರಿಕದ ಪೌರನಾಗಿ ಮತ ಹಾಕುವ ಕನ್ನಡಿಗನಿಗೆ ಆ ಚರ್ಚೆಯನ್ನು ಕೇಳುವುದು ಕರ್ತವ್ಯದ ಭಾಗ. ಇಲ್ಲಿ ಕುಳಿತು, ಒಬ್ಬರ ಪತನವನ್ನು ಬಯಸುತ್ತ ನೋಡುವವನಿಗೆ ಅದೇ ಚರ್ಚೆ ಅಪಧ್ಯಾನವಾಗಬಲ್ಲದು. ಆದರೆ ಇಬ್ಬರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ತೂಗುವ ತಕ್ಕಡಿ ಯಾವುದು?

ಕನ್ನಡ ನಾಡಿನ ಜೈನಪರಂಪರೆಗೆ ವಾದಸಭೆ ಹೊಸದಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ 12ನೆಯ ಶತಮಾನದ ಮಲ್ಲಿಷೇಣ ಪ್ರಶಸ್ತಿಯು, ಆಚಾರ್ಯ ಸಮಂತಭದ್ರರು ಪಾಟಲಿಪುತ್ರ, ಮಾಳವ, ಕಂಚಿ ಮೊದಲಾದೆಡೆ ವಾದಭೇರಿ ಬಾರಿಸಿದ್ದನ್ನು ಸ್ಮರಿಸುತ್ತದೆ. ಆ ಮಹಾವಾದಿಯೇ ‘ಆಪ್ತಮೀಮಾಂಸೆ’ಯ ಆರಂಭದಲ್ಲಿ, ದೇವತೆಗಳ ಆಗಮನ, ಚಾಮರ ಮುಂತಾದ ವೈಭವಗಳನ್ನು ಹಿರಿಮೆಯ ಪ್ರಮಾಣವಾಗಿ ಒಪ್ಪಲಿಲ್ಲ, ಅಂಥವು ಮಾಯಾವಿಗಳಲ್ಲಿಯೂ ಕಾಣುತ್ತವೆ ಎಂಬುದು ಅವರ ಆಕ್ಷೇಪ. ಆಡಿದ ಮಾತು ಯುಕ್ತಿಗೂ ಶಾಸ್ತ್ರಕ್ಕೂ ವಿರುದ್ಧವಾಗಿರಬಾರದು ಎಂಬುದೇ ಅವರು ಹಿಡಿದ ಒರೆಗಲ್ಲು. ಜಿನನನ್ನೇ ಈ ಒರೆಗೆ ಹಚ್ಚಿದ ಪರಂಪರೆಯವರು, ಅಧಿಕಾರ ಬಯಸಿ ನಿಂತವರ ವೇದಿಕೆಯ ಬೆಳಕಿಗೆ ಮರುಳಾಗುವುದು ಸಲ್ಲದು.

ಆದರೆ ಲೋಕ ಮರುಳಾಗುತ್ತಲೇ ಬಂದಿದೆ. 1960ರ ಸೆಪ್ಟೆಂಬರ್ 26ರಂದು ಶಿಕಾಗೊದಲ್ಲಿ ಜಾನ್ ಕೆನಡಿ ಮತ್ತು ರಿಚರ್ಡ್ ನಿಕ್ಸನ್ ದೂರದರ್ಶನದ ಮುಂದೆ ವಾದಿಸಿದರು. ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆ ಸೇರಿ ಬಂದಿದ್ದ ನಿಕ್ಸನ್ ಬಿಳುಚಿಕೊಂಡಿದ್ದರು. ಅಂದಿನ ವಿಷಯ ದೇಶದ ಆಂತರಿಕ ನೀತಿ. ಜನ ಇಂದಿಗೂ ನೆನೆಯುವುದು ನಿಕ್ಸನ್ನರ ಮುಖದ ಬೆವರನ್ನು. ಬೆವರು, ಬಿಳುಪು ಪುದ್ಗಲದ ಧರ್ಮಗಳು. ಅವುಗಳಿಂದ ನೀತಿಯ ಸತ್ಯಾಸತ್ಯ ತಿಳಿಯದು. 1992ರಲ್ಲಿ ರಿಚ್ಮಂಡ್ ನಗರದ ಚರ್ಚೆಯ ನಡುವೆ ಹಿರಿಯ ಜಾರ್ಜ್ ಬುಷ್ ತಮ್ಮ ಕೈಗಡಿಯಾರ ನೋಡಿಕೊಂಡರು. ‘ಜನರ ಕಷ್ಟ ಇವರಿಗೆ ಬೇಡ’ ಎಂಬ ಮಾತಿಗೆ ಆ ಒಂದು ಕ್ಷಣವೇ ಸಾಕಾಯಿತು. ದ್ರವ್ಯವು ಅನಂತ ಪರ್ಯಾಯಗಳನ್ನು ಧರಿಸುತ್ತದೆ. ಒಂದು ಪರ್ಯಾಯವನ್ನು ಹಿಡಿದು ‘ಇಷ್ಟೇ ಇವನು’ ಎನ್ನುವುದು ಏಕಾಂತ.

ತನ್ನದೆಂದು ಭಾವಿಸುವ ಅಭಿಪ್ರಾಯ ಎಷ್ಟರಮಟ್ಟಿಗೆ ತನ್ನದು ಎಂಬುದನ್ನು 1976ರ ಚರ್ಚೆ ತೋರಿಸುತ್ತದೆ. ಅಕ್ಟೋಬರ್ 6ರಂದು ಸಾನ್ ಫ್ರಾನ್ಸಿಸ್ಕೊದಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್, ಪೂರ್ವ ಯೂರೋಪಿನ ಮೇಲೆ ಸೋವಿಯತ್ ಪ್ರಾಬಲ್ಯವಿಲ್ಲ ಎಂದರು. ಚರ್ಚೆ ಮುಗಿದೊಡನೆ ನಡೆದ ಸಮೀಕ್ಷೆಯಲ್ಲಿ ಅವರೇ ಮುಂದಿದ್ದರು. ಮಾರನೆಯ ದಿನ ಪತ್ರಿಕೆಗಳೂ ದೂರದರ್ಶನವೂ ಆ ಒಂದೇ ಮಾತನ್ನು ಎತ್ತಿ ತೋರಿಸಿದ ಮೇಲೆ, ಜಿಮ್ಮಿ ಕಾರ್ಟರ್ ಗೆದ್ದರೆನ್ನುವವರೇ ಬಹುಮಂದಿಯಾದರು. ಫೋರ್ಡ್ ಆಡಿದ ಮಾತು ತಪ್ಪೇ ಆಗಿತ್ತು. ತಿದ್ದಿದವರು ಸರಿಯಾಗಿಯೇ ತಿದ್ದಿದರು. ಆದರೆ ಕೇಳಿದಾಗ ತಟ್ಟದ ತಪ್ಪು ಇತರರು ಹೇಳಿದ ಮೇಲೆ ತಟ್ಟಿತೆಂದರೆ, ಮೊದಲ ತೀರ್ಪು ಹುಟ್ಟಿದ್ದು ಅರ್ಥದಿಂದಲ್ಲ, ಧ್ವನಿ ಮತ್ತು ಠೀವಿಯಿಂದ ಎಂದಾಯಿತು.

‘ತತ್ತ್ವಾರ್ಥಸೂತ್ರ’ವು ಸತ್ಯವ್ರತವನ್ನು ಕಾಯುವ ಐದು ಭಾವನೆಗಳನ್ನು ಹೇಳುತ್ತದೆ: ಕ್ರೋಧ, ಲೋಭ, ಭಯ, ಹಾಸ್ಯಗಳ ತ್ಯಾಗ ಮತ್ತು ವಿಚಾರಪೂರ್ವಕವಾದ ಮಾತು. ಹಾಸ್ಯವನ್ನೂ ಏಕೆ ಬಿಡಬೇಕು ಎಂದು ಕೇಳುವವರಿಗೆ 1984ರ ಅಕ್ಟೋಬರ್ 21ರ ಚರ್ಚೆಯಲ್ಲಿ ಉತ್ತರವಿದೆ. 73 ವರ್ಷದ ರೊನಾಲ್ಡ್ ರೇಗನ್ನರಿಗೆ ವಯಸ್ಸಿನ ಪ್ರಶ್ನೆ ಬಂದಾಗ, ಎದುರಾಳಿಯ ಎಳೆತನವನ್ನು ತಾವು ಚುನಾವಣೆಗೆ ಬಳಸಿಕೊಳ್ಳುವುದಿಲ್ಲವೆಂದು ಚಟಾಕಿ ಹಾರಿಸಿದರು. ಸಭೆ ನಕ್ಕಿತು, ಎದುರಾಳಿ ವಾಲ್ಟರ್ ಮಾಂಡೇಲ್ ಕೂಡ ನಕ್ಕರು. ನಗೆಯಲ್ಲಿ ಪ್ರಶ್ನೆ ಕರಗಿತು, ಉತ್ತರ ಬರಲಿಲ್ಲ.

ಅದೇ ಪ್ರಶ್ನೆ 2024ರಲ್ಲಿ ಬೇರೆ ರೂಪದಲ್ಲಿ ಬಂದಿತು. ಜೂನ್ 27ರಂದು ಅಟ್ಲಾಂಟಾದಲ್ಲಿ 81 ವರ್ಷದ ಜೋ ಬೈಡನ್ ಮಾತಿನ ಎಳೆ ತಪ್ಪಿ ತಡವರಿಸಿದರು. ಜುಲೈ 21ರಂದು ಸ್ಪರ್ಧೆಯಿಂದ ಹಿಂದೆ ಸರಿದರು. ಇಲ್ಲಿ ಅನೇಕಾಂತದ ದೃಷ್ಟಿ ಎರಡನ್ನೂ ಕಾಣಬೇಕು. ಈ ಹೊಣೆ ಹೊರುವ ಶಕ್ತಿ ಇವರಿಗಿದೆಯೇ ಎಂದು ಕೇಳುವುದು ಪ್ರಜೆಯ ಹಕ್ಕು. ಆ ಪ್ರಶ್ನೆಯನ್ನು ಮುಚ್ಚಿಡುವುದು ಪಕ್ಷರಾಗ. ಆದರೆ ಮುಪ್ಪನ್ನು ಆಡಿಕೊಂಡು ನಗುವುದು ವಾಚಿಕ ಹಿಂಸೆ. ಜರೆಯಿಂದ ಯಾವ ದೇಹವೂ ತಪ್ಪಿಸಿಕೊಂಡಿಲ್ಲ, ನಗುವವನ ದೇಹವೂ ಕೂಡ. ಪ್ರಶ್ನೆ ಒಂದೇ ಆದರೂ ಅದನ್ನು ಕೇಳಿಸಿದ್ದು ವಿವೇಕವೋ ದ್ವೇಷವೋ ಎಂಬುದರ ಮೇಲೆ ಕರ್ಮಬಂಧ ಬೇರೆಯಾಗುತ್ತದೆ.

ಅನೇಕಾಂತವೆಂದರೆ ಎಲ್ಲರೂ ಸರಿ ಎಂದು ಕೈಚೆಲ್ಲುವುದಲ್ಲ. ಸುಳ್ಳು ಸುಳ್ಳೇ. ಯಾವ ಅಪೇಕ್ಷೆಯಿಂದ ಈ ಮಾತು ನಿಜ, ಯಾವುದರಿಂದ ಅಲ್ಲ ಎಂದು ಬಿಡಿಸಿ ನೋಡುವ ಶ್ರಮವೇ ಸ್ಯಾದ್ವಾದ. ಆದ್ದರಿಂದ ಶ್ರಾವಕನು ಚರ್ಚೆಯನ್ನು ಕೇಳಿದ ಮೇಲೆ ಆ ರಾತ್ರಿ ಮೌನವಾಗಿರಲಿ; ಹೇಳಿದ ಅಂಕಿಅಂಶ ನಿಜವೇ ಎಂದು ನೋಡಲಿ; ವ್ಯಕ್ತಿಯನ್ನು ಬಿಟ್ಟು ವಾಕ್ಯವನ್ನು ತೂಗಲಿ. ಹಿಂದುಮುಂದು ಕತ್ತರಿಸಿದ ದೃಶ್ಯದ ತುಣುಕನ್ನು ಇನ್ನೊಬ್ಬರಿಗೆ ಕಳುಹಿಸದಿರಲಿ. ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿರುವ ಕೂಟಲೇಖಕ್ರಿಯೆಯ ಇಂದಿನ ರೂಪ ಅದು. ಕೊನೆಗೆ, ತನಗೆ ಒಪ್ಪದ ಅಭ್ಯರ್ಥಿ ಆಡಿದ ಒಂದು ಒಳ್ಳೆಯ ಮಾತನ್ನು ಗುರುತಿಸಿ ಒಪ್ಪಿಕೊಳ್ಳಲಿ. ಪರರ ಗುಣಕ್ಕೆ ಹಿಗ್ಗುವ ಪ್ರಮೋದ ಭಾವನೆ ಬಸದಿಯ ಒಳಗೆ ಮಾತ್ರ ಇರಬೇಕಾದುದಲ್ಲ.

ವೇದಿಕೆಯ ಮೇಲಿನವರಲ್ಲಿ ಗೆದ್ದವರಾರೆಂದು ಮತಪೆಟ್ಟಿಗೆ ಹೇಳುತ್ತದೆ. ‘ಜಿನ’ ಎಂಬ ಪದದ ಅರ್ಥವೂ ಗೆದ್ದವನು ಎಂದೇ. ಅವನು ಗೆದ್ದದ್ದು ತನ್ನ ರಾಗದ್ವೇಷಗಳನ್ನು. ಆ ಗೆಲುವಿನ ಸ್ಪರ್ಧೆ ನಡೆಯುವುದು ವೇದಿಕೆಯ ಮೇಲಲ್ಲ, ಕೇಳುವವನ ಎದೆಯಲ್ಲಿ.