ತತ್ವಪದ: ಹಂಚಿಕೆ ಹಿಗ್ಗಿತು, ಚರ್ಚೆ ಕುಗ್ಗಿತು

ಕರಜಗಿ: ಅಫಜಲಪುರ ತಾಲ್ಲೂಕಿನ ಕರಜಗಿಯಿಂದ ಯಡ್ರಾಮಿ ತಾಲ್ಲೂಕಿನ ಕಡಕೋಳದವರೆಗಿನ ಸೀಮೆ ತತ್ವಪದಗಳ ನೆಲ. ಕಡಕೋಳ ಮಡಿವಾಳಪ್ಪನವರ ಪದಗಳು ಭಜನಾ ಮೇಳಗಳಲ್ಲಿ ಬಾಯಿಂದ ಬಾಯಿಗೆ ಹರಿದುಬಂದವು. ಅಲ್ಲಿ ಹಾಡಿದರಷ್ಟೇ ಸಾಲದು. ಪದದ ಬೆಡಗನ್ನು ಬಿಡಿಸಿ ಅರ್ಥ ಹೇಳಬೇಕು. ಆ ಚರ್ಚೆಗೆ ಮತದ ಹಂಗಿರಲಿಲ್ಲ; ಶಿಷ್ಯರಲ್ಲಿ ಚನ್ನೂರು ಜಲಾಲಸಾಹೇಬರೂ ಇದ್ದರು.

ಈಗ ಪದಗಳು ವಾಟ್ಸ್‌ಆ್ಯಪ್, ಯೂಟ್ಯೂಬ್‌ಗಳಲ್ಲಿ ತುಣುಕುಗಳಾಗಿ ಹರಡುತ್ತಿವೆ. ಕೊನೆಯ ನುಡಿ ಕತ್ತರಿಸಿದರೆ ಅಂಕಿತ ಹೋಗುತ್ತದೆ. ಅಂಕಿತ ಹೋದರೆ ಪದ ಯಾರದೆಂಬುದೇ ಮರೆಯಾಗುತ್ತದೆ. ಕೇಳುಗರ ಪ್ರತಿಕ್ರಿಯೆಯೂ ಕೈಮುಗಿದ ಚಿತ್ರಕ್ಕೆ ಸೀಮಿತವಾಗುತ್ತದೆ.

ಪರಿಹಾರ ದುಬಾರಿಯದೇನಲ್ಲ. ಪದವನ್ನು ಪೂರ್ತಿಯಾಗಿ ಹಂಚಬೇಕು. ಪದಕಾರರ, ಹಾಡಿದವರ, ಊರಿನ ಹೆಸರು ಜೊತೆಗಿರಬೇಕು. ಅರ್ಥವಾಗದ ಒಂದು ನುಡಿಯನ್ನಾದರೂ ಬಲ್ಲವರ ಮುಂದಿಡಬೇಕು. ಇಲ್ಲವಾದರೆ ರಾಗ ಉಳಿದೀತು, ತತ್ವ ಉಳಿಯದು.