ಮುದ್ದೆಯನ್ನು ‘ರಾಗಿ ಬಾಲ್’ ಎನ್ನುವವರಿಗೆ ಒಂದು ಮಾತು

ಕನ್ನಡದ ತರುಣ ಮಿತ್ರರೇ,

ನಾನು ಪೀಣ್ಯದಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡಿರುವವನು. ಓದಿದ್ದು ಪಿಯುಸಿ. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ, ಹೋಟೆಲಿನ ಮೆನು ಕಾರ್ಡು, ಇವೇ ನನ್ನ ಅನ್ನ. ಆ ಮೆನು ಕಾರ್ಡಿನ ವಿಷಯವಾಗಿಯೇ ನಿಮ್ಮ ಹತ್ತಿರ ನಾಲ್ಕು ಮಾತು ಆಡಬೇಕಾಗಿದೆ.

ಈಗ ಅಚ್ಚಿಗೆ ಬರುವ ಮೆನುಗಳಲ್ಲಿ ಹೆಚ್ಚಿನವು ಬರೀ ಇಂಗ್ಲಿಷಿನವು. ಮುದ್ದೆ ಅಲ್ಲಿ ‘ರಾಗಿ ಬಾಲ್’. ಬಸ್ಸಾರು ‘ಗ್ರೀನ್ಸ್ ಕರಿ’. ಉಪ್ಪೆಸರು ‘ದಾಲ್ ಸೂಪ್’. ನಮ್ಮ ಮಜ್ಜಿಗೆ ‘ಛಾಸ್’! ಮಾಲೀಕರು ಕನ್ನಡದವರು, ಅಡುಗೆಯವರು ಮಂಡ್ಯದ ಕಡೆಯವರು. ಯಾಕೆ ಸ್ವಾಮಿ ಹೀಗೆ ಎಂದರೆ, ‘ಕಸ್ಟಮರ್‌ಗೆ ಅರ್ಥವಾಗಬೇಕಲ್ಲ’ ಎಂಬ ಉತ್ತರ. ಹಾಗಾದರೆ ಪಿಜ್ಜಾ, ಪಾಸ್ತಾ, ಮೋಮೋ ಎಂಬ ಹೆಸರುಗಳನ್ನು ಯಾರಾದರೂ ನಮಗೆ ಅರ್ಥವಾಗಲೆಂದು ಕನ್ನಡಕ್ಕೆ ತಿರುಗಿಸಿದರೇ? ನಾವೇ ಕಲಿತೆವು. ಕಲಿಯಬೇಕಾದವರು ಯಾವಾಗಲೂ ನಾವೇ, ಬದಲಾಗಬೇಕಾದದ್ದು ಯಾವಾಗಲೂ ನಮ್ಮ ಹೆಸರೇ. ಇದೆಲ್ಲಿಯ ನ್ಯಾಯ?

‘ಹೆಸರಿನಲ್ಲಿ ಏನಿದೆ, ಊಟ ರುಚಿಯಾಗಿದ್ದರೆ ಸಾಕು’ ಎನ್ನಬೇಡಿ. ಹೆಸರಿನಲ್ಲಿ ಅಡುಗೆಯೇ ಇದೆ! ಕಾಳು, ಸೊಪ್ಪು ಬೇಯಿಸಿ, ನೀರು ಬಸಿದು, ಆ ಬಸಿದ ನೀರಿನಲ್ಲಿ ಮಾಡಿದ ಸಾರು ಬಸ್ಸಾರು. ಉಪ್ಪು ಹಾಕಿ ಬೇಯಿಸಿದ ಎಸರು ಉಪ್ಪೆಸರು, ಅದಕ್ಕೆ ಖಾರ ಬೇರೆ. ಸೊಪ್ಪನ್ನು ಬೇಯಿಸಿ ಮಸೆದರೆ ಮಸ್ಸೊಪ್ಪು. ನೆನೆಸಿದ ಅವರೆಕಾಳನ್ನು ಬೆರಳಲ್ಲಿ ಹಿದುಕಿ ಸಿಪ್ಪೆ ತೆಗೆದರೆ ಹಿದುಕಿದ ಬೇಳೆ. ಬಸಿ, ಎಸರು, ಮಸೆ, ಹಿದುಕು. ಒಂದೊಂದು ಪದವೂ ಒಂದೊಂದು ಕೈಕೆಲಸ. ಓದು ಬರಹ ಇಲ್ಲದ ನಮ್ಮ ಅಜ್ಜಿಯರು ಅಡುಗೆಯ ಪುಸ್ತಕವನ್ನು ಹೆಸರಿನೊಳಗೇ ಬರೆದಿಟ್ಟರು. ‘ಗ್ರೀನ್ಸ್ ಕರಿ’ ಎಂದ ದಿನ ಆ ಪುಸ್ತಕ ಹರಿದು ಹೋಗುತ್ತದೆ. ಇನ್ನೊಂದು ತಲೆಮಾರಿಗೆ ಬಸ್ಸಾರು ಯಾವುದು, ಮಸ್ಸೊಪ್ಪು ಯಾವುದು ಎಂದು ಹೇಳುವವರೇ ಇರುವುದಿಲ್ಲ.

ಇನ್ನು ರಾಗಿಯ ಮಾತು. ಡಬ್ಬಿಯಲ್ಲಿ ಮುದ್ದೆ ತಂದು ಕ್ಯಾಂಟೀನಿನ ಮೂಲೆಯಲ್ಲಿ ಕೂತು ಉಣ್ಣುವ ಹುಡುಗರು ನಮ್ಮಲ್ಲಿ ಇದ್ದಾರೆ. ನಾಚಿಕೆ ಯಾಕಪ್ಪಾ? ಈ ಜಗಳವನ್ನು ಕನಕದಾಸರು 16ನೇ ಶತಮಾನದಲ್ಲೇ ತೀರಿಸಿದ್ದಾರೆ. ಅವರ ‘ರಾಮಧಾನ್ಯ ಚರಿತ್ರೆ’ಯಲ್ಲಿ ಭತ್ತಕ್ಕೂ ರಾಗಿಗೂ ಶ್ರೀರಾಮನ ಎದುರೇ ವ್ಯಾಜ್ಯ. ಕೀಳು ಜನರ ಆಹಾರವೆಂದು ಭತ್ತ ಹೀಯಾಳಿಸಿದರೆ, ನೀನು ಉಳ್ಳವರ ಪಾಲು, ಬಡವರನ್ನು ಬದುಕಿಸುವವನು ನಾನು ಎಂದು ರಾಗಿ ತಿರುಗಿ ಬೀಳುತ್ತದೆ. ಎರಡಕ್ಕೂ 6 ತಿಂಗಳು ಸೆರೆ. ಅವಧಿ ಮುಗಿದಾಗ ಭತ್ತ ಸೊರಗಿತ್ತು, ರಾಗಿ ಹಾಗೇ ಇತ್ತು. ರಾಘವನ ಹೆಸರೇ ರಾಗಿಗೆ ಬಂತು ಎಂಬುದು ಆ ಕಾವ್ಯದ ಮಾತು. ಇದು ಬರೀ ಕವಿಕಲ್ಪನೆಯಲ್ಲ. ನಮ್ಮ ರೈತರು ಹಗೇವು ತೋಡಿ ರಾಗಿಯನ್ನು ವರ್ಷಗಟ್ಟಲೆ ನೆಲದೊಳಗೆ ಇಡುತ್ತಿದ್ದರು. ಹುಳ ಹಿಡಿಯದು, ಬರ ಬಂದರೆ ಅದೇ ಜೀವ. ಇವತ್ತಿನ ಲೆಕ್ಕದಲ್ಲೂ 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ಪಾಲಿಶ್ ಅಕ್ಕಿಯಲ್ಲಿ 10ರ ಆಸುಪಾಸು!

ಒಂದು ಸತ್ಯವನ್ನೂ ಹೇಳಿಬಿಡುತ್ತೇನೆ. ರಾಗಿ ಹುಟ್ಟಿದ್ದು ಕನ್ನಡ ನೆಲದಲ್ಲಲ್ಲ, ಆಫ್ರಿಕಾದಲ್ಲಿ. ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂತು. ನಾವು ಖಾರಕ್ಕೆ ಅರೆಯುವ ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಇವು ಬಂದಾಗ ಕನ್ನಡಿಗ ಬಾಗಿಲು ಹಾಕಲಿಲ್ಲ. ಮನೆಯೊಳಗೆ ಕರೆದು ಕನ್ನಡದ ಹೆಸರಿಟ್ಟ. ಮೆಣಸಿನಂತೆ ಖಾರವಿರುವ ಕಾಯಿ ಮೆಣಸಿನಕಾಯಿ. ಬಂದದ್ದು ಕನ್ನಡದ್ದಾಯಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ನಮ್ಮ ತಳಿಗೆ ಆಫ್ರಿಕದ ತಳಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಳುವರಿ ಏರಿತು, ರೈತ ಉಸಿರಾಡಿದ. ಆದ್ದರಿಂದ ನಮ್ಮ ಜಗಳ ಹೊರಗಿನ ಊಟದ ಮೇಲಲ್ಲ, ಹೊರಗಿನಿಂದ ದುಡಿಯಲು ಬಂದವರ ಮೇಲೂ ಅಲ್ಲ. ಬಂದ ಧಾನ್ಯವೇ ಕನ್ನಡ ಕಲಿತಿರುವಾಗ, ಬಂದ ಮನುಷ್ಯನಿಗೆ ‘ಮುದ್ದೆ’ ಎಂಬ ಎರಡಕ್ಷರ ಕಲಿಸಲು ನಾವು ಯಾಕೆ ಹಿಂಜರಿಯಬೇಕು?

ನೀವು ಕೆಲಸ ಮಾಡುವ ನೆಲವನ್ನೇ ನೋಡಿ. ಎಲೆಕ್ಟ್ರಾನಿಕ್ ಸಿಟಿ ಎದ್ದದ್ದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ಸೀಮೆಯಲ್ಲಿ. ಅದು ಆನೇಕಲ್ ಕಡೆಯ ರಾಗಿ ಸೀಮೆ. ಅಲ್ಲಿಂದ ಸ್ವಲ್ಪ ದೂರದ ಬೇಗೂರಿನಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲು ಇದೆ. ‘ಬೆಂಗಳೂರು’ ಎಂಬ ಹೆಸರು ಅದರಲ್ಲೇ ಕೆತ್ತಿದೆ. ಬೆಂದ ಕಾಳು ಉಂಡ ರಾಜನ ಕಥೆ ಹೊಯ್ಸಳ ಬಲ್ಲಾಳನ ಮೇಲೆ ಕಟ್ಟಿದ್ದು. ಹೆಸರು ಅವನಿಗಿಂತ ಹಳೆಯದು. ಆದರೂ ಜನ ಆ ಕಥೆಯನ್ನು ಬಿಡಲಿಲ್ಲ. ಊರಿನ ಹೆಸರಿಗೂ ಒಂದು ಬಟ್ಟಲು ಬೆಂದ ಕಾಳು ಬೇಕೆಂದು ಆಸೆಪಟ್ಟ ಜನ ನಾವು!

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತು. ಆಮೇಲೆ ಮಾಲ್‌ಗಳಲ್ಲಿ ರಾಗಿಗೆ ಗೌರವ ಬಂತು, ‘ಮಿಲೆಟ್’ ಎಂಬ ಅಂಗಿ ತೊಟ್ಟು! 2024ರಲ್ಲಿ ನಾಮಫಲಕದ ಶೇಕಡಾ 60 ಭಾಗ ಕನ್ನಡ ಇರಬೇಕೆಂದು ಕಾನೂನಾಯಿತು. ಸಂತೋಷ. ಆದರೆ ಬಾಗಿಲ ಮೇಲೆ ಕನ್ನಡ, ಒಳಗೆ ಟೇಬಲ್ ಮೇಲೆ ‘ರಾಗಿ ಬಾಲ್’ ಎಂದರೆ ಅದು ಕಾನೂನಿಗೆ ಹೆದರಿದ ಕನ್ನಡ, ಬದುಕಿದ ಕನ್ನಡವಲ್ಲ.

ಗೆಳೆಯರೇ, ಕಲ್ಲು ಎತ್ತಬೇಡಿ, ಗಾಜು ಒಡೆಯಬೇಡಿ. ಬಾಯಿ ಬಿಡಿ, ಸಾಕು. ವೈಟ್‌ಫೀಲ್ಡಿನ ಹೋಟೆಲಾಗಲಿ, ಪೀಣ್ಯದ ಕ್ಯಾಂಟೀನಾಗಲಿ, ‘ಒಂದು ಮುದ್ದೆ, ಬಸ್ಸಾರು ಕೊಡಿ’ ಎಂದು ಗಟ್ಟಿಯಾಗಿ ಕೇಳಿ. ಮೆನುವಿನಲ್ಲಿ ಕನ್ನಡವಿಲ್ಲದಿದ್ದರೆ ಮಾಲೀಕರನ್ನು ಕರೆದು ಮರ್ಯಾದೆಯಿಂದಲೇ ಪ್ರಶ್ನಿಸಿ. ಹತ್ತು ಗಿರಾಕಿ ಕೇಳಿದರೆ ಹನ್ನೊಂದನೆಯ ದಿನ ಅವರು ಪ್ರೆಸ್ಸಿಗೆ ಬರುತ್ತಾರೆ. ಮೊದಲು ಕನ್ನಡ, ಕೆಳಗೆ ಬೇಕಿದ್ದರೆ ಇಂಗ್ಲಿಷ್. ಎರಡು ಸಾಲು ಹೆಚ್ಚಾದರೆ ಕಾಗದವೇನೂ ಹರಿದು ಹೋಗುವುದಿಲ್ಲ, ಅಚ್ಚು ಹಾಕುವವನಾಗಿ ನಾನು ಹೇಳುತ್ತೇನೆ. ಹೆಸರು ಉಳಿದರೆ ಅಡುಗೆ ಉಳಿದೀತು, ಅಡುಗೆ ಉಳಿದರೆ ನುಡಿ ಉಳಿದೀತು.

ಸಿರಿಗನ್ನಡಂ ಗೆಲ್ಗೆ!