ವರ್ಷದ ಪಟ್ಟಿ ಮತ್ತು ಮನೆಯ ಹಿರಿಯರು

ಡಿಸೆಂಬರ್ ತಿಂಗಳು ಬಂತೆಂದರೆ ಪತ್ರಿಕೆಗಳಲ್ಲಿ ವರ್ಷದ ಉತ್ತಮ ಚಲನಚಿತ್ರಗಳ, ಉತ್ತಮ ಗೀತಸಂಪುಟಗಳ ಪಟ್ಟಿಗಳು ಪ್ರಕಟವಾಗುವುದು ವಾಡಿಕೆ. ಗೋದಲಿ ಕಟ್ಟುವ, ಕುಸ್ವಾರ್ ಮಾಡುವ ಸಡಗರದ ನಡುವೆಯೂ ನಮ್ಮ ಮನೆಗಳಲ್ಲಿ ಆ ಪಟ್ಟಿಗಳ ಕುರಿತು ಸಣ್ಣಪುಟ್ಟ ವಾಗ್ವಾದಗಳು ನಡೆಯುತ್ತವೆ. ಆದರೆ ವರ್ಷ ಮುಗಿಯುವ ಮೊದಲೇ ಸಿದ್ಧವಾದ ಪಟ್ಟಿಯಲ್ಲಿ ಪ್ರಚಾರದ ಸದ್ದು ಹೆಚ್ಚು, ತೂಕ ಕಡಿಮೆ. ಕೆಲವು ವರ್ಷಗಳು ಕಳೆದ ಮೇಲೆ ಯಾವುದು ಮನಸ್ಸಿನಲ್ಲಿ ಉಳಿದಿದೆ, ಯಾವುದು ಜಾರಿಹೋಗಿದೆ ಎಂದು ನೋಡುವುದೇ ನ್ಯಾಯವಾದ ಪರೀಕ್ಷೆ. ಆದುದರಿಂದ ನಾವು ಇಂದು ಹೊಸ ಪಟ್ಟಿ ಮಾಡಹೊರಟಿಲ್ಲ. 2016ರ ಕೃತಿಗಳಲ್ಲಿ ನಮಗೆ ಅತ್ಯಂತ ಪ್ರಿಯವಾದವುಗಳನ್ನು ಓದುಗರ ಮುಂದಿಡುತ್ತಿದ್ದೇವೆ.

ಆ ವರ್ಷವನ್ನೇ ಆರಿಸಲು ಕಾರಣವಿದೆ. ಪರಸ್ಪರ ಪರಿಚಯವೇ ಇಲ್ಲದ ಹಲವು ಕಲಾವಿದರು, ಬೇರೆ ಬೇರೆ ದೇಶಗಳಲ್ಲಿದ್ದು, ಆ ವರ್ಷ ಒಂದೇ ವಿಷಯದತ್ತ ಮುಖ ಮಾಡಿದಂತೆ ಕಾಣುತ್ತದೆ: ಮುಪ್ಪು, ಮರೆವು, ಮರಣ, ಮತ್ತು ಅವುಗಳ ಎದುರಿನಲ್ಲಿ ಮಕ್ಕಳು ನಡೆದುಕೊಳ್ಳುವ ರೀತಿ. ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿಯೋ ಬೆಂಗಳೂರು, ಮುಂಬಯಿಗಳಲ್ಲಿಯೋ ನೆಲೆಸಿ, ತಂದೆತಾಯಿ ಊರಿನ ಮನೆಯಲ್ಲಿ ಇಬ್ಬರೇ ಅಥವಾ ಒಬ್ಬರೇ ಉಳಿದಿರುವ ಸಂಸಾರಗಳು ನಮ್ಮ ಸಮುದಾಯದಲ್ಲಿ ಅನೇಕ. ಅಂಥ ಸಂಸಾರಗಳಿಗೆ ಈ ಪಟ್ಟಿ ಕೇವಲ ಮನರಂಜನೆಯ ಮಾತಲ್ಲ.

ನಮ್ಮ ಪಟ್ಟಿಯಲ್ಲಿ ಮೊದಲ ಸ್ಥಾನ ‘ತಿಥಿ’ಗೆ. ನಿರ್ದೇಶಕ ರಾಮ್ ರೆಡ್ಡಿಯವರು ಈರೇಗೌಡರೊಡನೆ ಕಥೆ ಹೆಣೆದು, ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ, ನಟನೆಯ ಅನುಭವವಿಲ್ಲದ ಹಳ್ಳಿಗರಿಂದಲೇ ಮಾಡಿಸಿದ ಚಿತ್ರವಿದು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿಗಳನ್ನು ಗಳಿಸಿ, 2016ರ ಮೇ ತಿಂಗಳಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು. 101 ವರ್ಷದ ಸೆಂಚುರಿ ಗೌಡ ತೀರಿಕೊಳ್ಳುತ್ತಾನೆ. ಹನ್ನೊಂದನೆಯ ದಿನದ ತಿಥಿಗೆ ಸಿದ್ಧತೆ ನಡೆಯುತ್ತಿರುವಾಗಲೇ ಮೊಮ್ಮಗ ತಮ್ಮಣ್ಣ ಜಮೀನು ಮಾರಲು ಹವಣಿಸುತ್ತಾನೆ. ಆ ಜಮೀನು ನ್ಯಾಯವಾಗಿ ಸೇರಬೇಕಾದದ್ದು ಅವನ ತಂದೆ ಗಡ್ಡಪ್ಪನಿಗೆ. ಗಡ್ಡಪ್ಪನಿಗೋ ಆಸ್ತಿಯ ಗೊಡವೆಯೇ ಇಲ್ಲ. ಜೀವಂತವಾಗಿರುವ ತಂದೆ ಸತ್ತಿದ್ದಾನೆಂದು ಮಗ ಕಾಗದ ಮಾಡಿಸಿ, ಅವನನ್ನು ಊರಿನಿಂದಾಚೆಗೆ ಸಾಗಹಾಕುತ್ತಾನೆ.

ಚಿತ್ರ ನೋಡಿದವರು ಮನಸಾರೆ ನಕ್ಕರು. ನಗು ನಿಂತ ಮೇಲೆ ಉಳಿಯುವ ಪ್ರಶ್ನೆ ಬೇರೆ. ಪಾಲುಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ದಿನ ಮಾತ್ರ ಅಪ್ಪನ ನೆನಪಾಗುವ ಮನೆಗಳು ಮಂಡ್ಯದಲ್ಲಿ ಮಾತ್ರ ಇವೆಯೇ? ಈ ಚಿತ್ರದಲ್ಲಿ ಕುಡಿತವಿದೆ, ಬೈಗುಳವಿದೆ, ಸಂಸಾರಸಮೇತ ನೋಡಲು ಯೋಗ್ಯವಲ್ಲ ಎಂದು ಹೇಳುವವರಿದ್ದಾರೆ. ಚಿಕ್ಕ ಮಕ್ಕಳಿಗೆ ತಕ್ಕುದಲ್ಲವೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಒಂದೇ ಒಂದು ಬೈಗುಳವಿಲ್ಲದೆ, ವಯಸ್ಸಾದವರನ್ನು ನಗೆಪಾಟಲಿಗೆ ಗುರಿಮಾಡುವ ಚಿತ್ರಗಳನ್ನು ನಾವು ಮಕ್ಕಳೊಡನೆ ಕುಳಿತು ನೋಡುತ್ತೇವಲ್ಲ, ಅದಕ್ಕೆ ಯಾರ ಆಕ್ಷೇಪವೂ ಇದ್ದಂತೆ ಕಾಣುವುದಿಲ್ಲ.

ಎರಡನೆಯದು ಹೇಮಂತ್ ರಾವ್ ನಿರ್ದೇಶಿಸಿದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. ಕಾಣೆಯಾದವರ ಬಗ್ಗೆ ಪ್ರಕಟಣೆ ಕೊಡುವಾಗ ಬಳಸುವ ಮಾತನ್ನೇ ಶೀರ್ಷಿಕೆಯಾಗಿಸಿದ್ದು ಅರ್ಥಪೂರ್ಣ. ಮರೆವಿನ ರೋಗವಾದ ಆಲ್ಝೈಮರ್ಸ್‌ಗೆ ತುತ್ತಾದ ವೆಂಕೋಬರಾವ್ ಬೆಂಗಳೂರಿನ ಆರೈಕೆ ಕೇಂದ್ರದಲ್ಲಿದ್ದಾರೆ, ಮಗ ಶಿವ ಮುಂಬಯಿಯಲ್ಲಿ ಉದ್ಯೋಗದಲ್ಲಿದ್ದಾನೆ. ತಂದೆಯನ್ನು ಹೊರಗೆ ಕರೆದೊಯ್ದು ಮರಳಿ ತಂದುಬಿಡುವ ಆತುರದಲ್ಲಿ ಅವನು ಅವರನ್ನು ಕಳೆದುಕೊಳ್ಳುತ್ತಾನೆ. ಅನಂತನಾಗ್ ಅವರ ಅಭಿನಯದಲ್ಲಿ ಅತಿರೇಕದ ಒಂದು ಹಾವಭಾವವೂ ಇಲ್ಲ. ಮಗನಾಗಿ ನಟಿಸಿದ ರಕ್ಷಿತ್ ಶೆಟ್ಟಿಯವರು ಸಿಡುಕನ್ನೂ ಪಶ್ಚಾತ್ತಾಪವನ್ನೂ ಸಮನಾಗಿ ತೂಗಿದ್ದಾರೆ. ತಂದೆ ಎದುರಿಗಿದ್ದಾಗ ಅವರ ಮುಖವನ್ನು ಸರಿಯಾಗಿ ನೋಡದ ಮಗ, ಅವರು ಕಾಣೆಯಾದ ಮೇಲೆ ಗುರುತು ಹೇಳಲು ತಡಕಾಡುತ್ತಾನೆ. ಚಿತ್ರದ ಬೋಧನೆ ಇಷ್ಟೇ, ಆದರೆ ಇಷ್ಟೇ ಸಾಕು. ಚರಣ್ ರಾಜ್ ಅವರ ಸಂಗೀತವನ್ನು ಆ ವರ್ಷದ ಕನ್ನಡ ಗೀತಸಂಪುಟಗಳಲ್ಲಿ ಶ್ರೇಷ್ಠವೆಂದು ನಾವು ಎಣಿಸುತ್ತೇವೆ. ಮಾತು ನಿಂತಲ್ಲಿ ಅದು ಮೆಲ್ಲಗೆ ಆರಂಭವಾಗುತ್ತದೆ, ಮಾತನ್ನು ಮುಳುಗಿಸುವುದಿಲ್ಲ.

ಡಿ. ಸತ್ಯಪ್ರಕಾಶರ ‘ರಾಮಾ ರಾಮಾ ರೇ’ ಮೂರನೆಯದು. ಸೆರೆಮನೆಯಿಂದ ತಪ್ಪಿಸಿಕೊಂಡ ಮರಣದಂಡನೆಯ ಕೈದಿಯೂ, ನೇಣು ಹಾಕುವ ವೃತ್ತಿಯ ಮುದುಕನೂ ಒಂದೇ ಜೀಪಿನಲ್ಲಿ ಪಯಣಿಸುವ ಕಥೆ. ಮರಣದಂಡನೆಯ ಬಗ್ಗೆ ಭಾಷಣಗಳು ಮಾಡಲಾರದ ಕೆಲಸವನ್ನು ಆ ಮುದುಕನ ಮೌನ ಮಾಡುತ್ತದೆ. ಅದೇ ಡಿಸೆಂಬರ್ ಕೊನೆಗೆ ಬಂದ ‘ಕಿರಿಕ್ ಪಾರ್ಟಿ’ಯ ಹಾಡುಗಳನ್ನು ನಮ್ಮ ಮನೆಯ ಹುಡುಗರು ತಿಂಗಳುಗಟ್ಟಲೆ ಹಾಡಿದರು. ಅಜನೀಶ್ ಲೋಕನಾಥರ ಆ ಸಂಗೀತ ಲವಲವಿಕೆಯದು, ನಾವೂ ಕೇಳಿ ಸಂತೋಷಪಟ್ಟಿದ್ದೇವೆ. ಆದರೆ ಮೆಚ್ಚಿದ್ದೆಲ್ಲವೂ ಪಟ್ಟಿಗೆ ಸೇರಬೇಕೆಂದಿಲ್ಲ.

ನಾಲ್ಕನೆಯದು ಮಾರ್ಟಿನ್ ಸ್ಕಾರ್ಸೆಸಿಯವರ ‘ಸೈಲೆನ್ಸ್’. ಜಪಾನಿನ ಕಥೋಲಿಕ ಸಾಹಿತಿ ಶುಸಾಕು ಎಂಡೋ 1966ರಲ್ಲಿ ಬರೆದ ಕಾದಂಬರಿಯನ್ನು ಆಧರಿಸಿದ ಈ ಚಿತ್ರವನ್ನು ಸ್ಕಾರ್ಸೆಸಿ 25 ವರ್ಷಗಳಿಗೂ ಮಿಗಿಲಾಗಿ ಮನಸ್ಸಿನಲ್ಲಿ ಹೊತ್ತಿದ್ದರು. ಗೋವೆಯಲ್ಲಿ ನಾವು ಯಾರ ಪವಿತ್ರ ಅವಶೇಷಗಳ ದರ್ಶನಕ್ಕೆ ಹೋಗುತ್ತೇವೆಯೋ ಆ ಸಂತ ಫ್ರಾನ್ಸಿಸ್ ಕ್ಸೇವಿಯರರೇ 1549ರಲ್ಲಿ ಜಪಾನಿಗೆ ಶುಭಸಂದೇಶವನ್ನು ಒಯ್ದವರು. ಮುಂದಿನ ಶತಮಾನದಲ್ಲಿ ಅಲ್ಲಿನ ಕ್ರೈಸ್ತರು ಅನುಭವಿಸಿದ ಹಿಂಸೆಯೇ ಚಿತ್ರದ ವಸ್ತು. ವಿಶ್ವಾಸ ತ್ಯಜಿಸಿದರೆಂದು ಸುದ್ದಿಯಾದ ತಮ್ಮ ಹಿರಿಯ ಗುರುವನ್ನು ಹುಡುಕಿಕೊಂಡು ಯೇಸುಸಭೆಯ ಇಬ್ಬರು ಯುವಗುರುಗಳು ಹೊರಡುತ್ತಾರೆ. ಅವರಲ್ಲೊಬ್ಬರಾಗಿ ಅಭಿನಯಿಸಿದ ಆಂಡ್ರ್ಯೂ ಗಾರ್ಫೀಲ್ಡ್, ಪಾತ್ರದ ಸಿದ್ಧತೆಗಾಗಿ ಯೇಸುಸಭೆಯ ಗುರು ಜೇಮ್ಸ್ ಮಾರ್ಟಿನ್ ಅವರ ಮಾರ್ಗದರ್ಶನದಲ್ಲಿ ಸಂತ ಇಗ್ನಾಸಿಯವರ ಆಧ್ಯಾತ್ಮಿಕ ಸಾಧನೆಗಳನ್ನು ಕೈಗೊಂಡಿದ್ದರು.

ಪವಿತ್ರ ಚಿತ್ರವನ್ನು ತುಳಿದ ಗುರುವಿನ ಕಥೆ ವಿಶ್ವಾಸಿಗಳಿಗೆ ಮಾದರಿಯಾದೀತೇ ಎಂದು ಕೆಲವರು ಕೇಳುತ್ತಾರೆ. ರಕ್ತಸಾಕ್ಷಿಗಳ ಮಹಿಮೆಯನ್ನು ಈ ಚಿತ್ರ ಕುಗ್ಗಿಸಿದೆ ಎಂದು ನಮಗೆ ಅನಿಸಿಲ್ಲ. ಸಮುದ್ರದ ಅಲೆಗಳ ನಡುವೆ ಶಿಲುಬೆಗೇರಿದ ಬಡ ರೈತರೇ ಅದರಲ್ಲಿ ಅತ್ಯಂತ ಎತ್ತರದಲ್ಲಿ ನಿಲ್ಲುತ್ತಾರೆ. ವಸ್ತುವಿನಲ್ಲಿ ಇದು ಉಳಿದ ಚಿತ್ರಗಳಿಂದ ಭಿನ್ನವಾದರೂ ಕೇಳುವ ಪ್ರಶ್ನೆ ದೂರದ್ದಲ್ಲ: ಎಡವಿದ ಹಿರಿಯನನ್ನು ಕಿರಿಯರು ಹೇಗೆ ಕಾಣಬೇಕು? ಮೊದಲು ತೀರ್ಪು ಕೊಡಲು ಹೊರಟ ಯುವಗುರು ಕೊನೆಗೆ ಗುರುವಿನ ಸಂಕಟವನ್ನು ತಾನೇ ಹೊರಬೇಕಾಗುತ್ತದೆ.

ಇನ್ನು ಹೊರದೇಶದ ಗೀತಸಂಪುಟಗಳು. 2016ರ ಅಕ್ಟೋಬರ್ 21ರಂದು ಲಿಯೊನಾರ್ಡ್ ಕೋಹೆನ್ ಅವರ ‘ಯು ವಾಂಟ್ ಇಟ್ ಡಾರ್ಕರ್’ ಹೊರಬಂತು. ನವೆಂಬರ್ 7ರಂದು, 82ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ನಮ್ಮ ಯುವಜನರು ಗಿಟಾರಿನೊಡನೆ ಹಾಡುವ ‘ಹಲ್ಲೆಲೂಯ’ ಗೀತೆಯ ಕರ್ತೃ ಇವರೇ. ಬೆನ್ನಿನ ತೀವ್ರ ನೋವಿನಿಂದಾಗಿ ಧ್ವನಿಮುದ್ರಣ ಕೇಂದ್ರಕ್ಕೆ ಹೋಗಲಾರದ ತಂದೆಗಾಗಿ ಮಗ ಆ್ಯಡಮ್ ಕೋಹೆನ್ ಮನೆಯಲ್ಲಿಯೇ ಮೈಕನ್ನು ಸಜ್ಜುಗೊಳಿಸಿ, ವೈದ್ಯಕೀಯ ಕುರ್ಚಿಯಲ್ಲಿ ಕುಳ್ಳಿರಿಸಿ ಹಾಡಿಸಿದರು. ಬಾಲ್ಯದಲ್ಲಿ ಅವರು ಹೋಗುತ್ತಿದ್ದ ಮಾಂಟ್ರಿಯಲ್‌ನ ಯೆಹೂದ್ಯ ಪ್ರಾರ್ಥನಾಮಂದಿರದ ಗಾಯಕವೃಂದ ದನಿಗೂಡಿಸಿತು. ಶೀರ್ಷಿಕೆಗೀತೆಯಲ್ಲಿ ದೇವರ ಕರೆಗೆ ಅಬ್ರಹಾಮನು ಕೊಟ್ಟ ಹೀಬ್ರೂ ಉತ್ತರ ಮರುದನಿಸುತ್ತದೆ. ತಂದೆಯ ಕೊನೆಯ ದಿನಗಳಲ್ಲಿ ಮಗನೊಬ್ಬ ಮಾಡಬಹುದಾದ ಸೇವೆಗೆ ಇದಕ್ಕಿಂತ ಉತ್ತಮ ನಿದರ್ಶನವನ್ನು ಆ ವರ್ಷದ ಸಂಗೀತದಲ್ಲಿ ನಾವು ಕಾಣಲಿಲ್ಲ.

ಡೇವಿಡ್ ಬೋವೀ ಅವರ ‘ಬ್ಲ್ಯಾಕ್‌ಸ್ಟಾರ್’ ಕೂಡ ಅಂಥದೇ. ತಮ್ಮ 69ನೆಯ ಹುಟ್ಟುಹಬ್ಬವಾದ 2016ರ ಜನವರಿ 8ರಂದು ಅದನ್ನು ಬಿಡುಗಡೆಮಾಡಿ, ಎರಡೇ ದಿನಗಳಲ್ಲಿ ಅವರು ಅಗಲಿದರು. ಕ್ಯಾನ್ಸರ್ ಇದ್ದ ಸಂಗತಿ ಹೊರಗಿನವರಿಗೆ ತಿಳಿದಿರಲಿಲ್ಲ. ಅದರ ಸಂಗೀತ ನಮ್ಮ ಕಿವಿಗೆ ಸುಲಭದ್ದಲ್ಲ. ಆದರೂ ಸಾವನ್ನು ಎದುರಿಟ್ಟುಕೊಂಡು ಕೆಲಸ ಮುಗಿಸಿದ ಮನುಷ್ಯನ ಧೈರ್ಯ ಅದರಲ್ಲಿದೆ.

ಕಥೋಲಿಕ ಕುಟುಂಬಗಳು ಚಿತ್ರಗಳನ್ನು ಅಳೆಯುವಾಗ ಅದರಲ್ಲಿ ಏನಿರಬಾರದು ಎಂಬುದನ್ನೇ ಹೆಚ್ಚಾಗಿ ಕೇಳುತ್ತವೆ. ಆ ಎಚ್ಚರ ಅಗತ್ಯ. ಅದರ ಜೊತೆಗೆ, ಈ ಚಿತ್ರ ನೋಡಿದ ಮೇಲೆ ಮನೆಯಲ್ಲಿ ಯಾರ ಕಡೆಗೆ ನಮ್ಮ ಕಣ್ಣು ಹೊರಳಿತು ಎಂದೂ ಕೇಳೋಣ. ಈಗ ಮನೆಯ ಪ್ರತಿಯೊಬ್ಬರೂ ತಮ್ಮ ತಮ್ಮ ಮೊಬೈಲಿನಲ್ಲಿ ತಮಗೆ ಬೇಕಾದುದನ್ನು ನೋಡುತ್ತಾರೆ. ಜಪಸರ ಮುಗಿದ ಮೇಲೆ ಎಲ್ಲರೂ ಒಂದೆಡೆ ಕುಳಿತು ರೇಡಿಯೋ ಕೇಳುತ್ತಿದ್ದ ಕಾಲವನ್ನು ಬಲ್ಲ ಅಜ್ಜ ಅಜ್ಜಿಯರು ಮೂಲೆಯಲ್ಲಿ ಸುಮ್ಮನೆ ಕುಳಿತಿರುತ್ತಾರೆ. ಕ್ರಿಸ್ತಜಯಂತಿಯ ರಜೆಗೆ ಊರಿಗೆ ಬರುವ ಮಕ್ಕಳಲ್ಲಿ ನಮ್ಮ ಕೋರಿಕೆ ಒಂದೇ. ಒಂದು ಸಂಜೆಯನ್ನು ತಂದೆತಾಯಿಗೆ ಮೀಸಲಿಡಿ. ‘ಗೋಧಿ ಬಣ್ಣ’ವನ್ನು ಅವರ ಪಕ್ಕದಲ್ಲಿ ಕುಳಿತು ನೋಡಿ. ಅದಾದ ಮೇಲೆ ಅವರ ಪ್ರಾಯದಲ್ಲಿ ಅವರಿಗೆ ಪ್ರಿಯವಾಗಿದ್ದ ಚಿತ್ರ ಯಾವುದು, ಹಾಡು ಯಾವುದು ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೂ ಎದ್ದುಹೋಗದಿರಿ.